ಊರಿನ ನಾಡಿ

ಗ್ರೀಷ್ಮದ ಕೊನೆಯ ತಿಂಗಳು. ಪಾಂಚಾಲದ ಕಾಂಪಿಲ್ಯದ ಬಳಿ, ಗಂಗೆಯ ದಡದ ಕಾಡಿನಲ್ಲಿ ಪುನರ್ವಸು ಆತ್ರೇಯನು ಶಿಷ್ಯರೊಡನೆ ನಡೆದಾಡುತ್ತಿದ್ದಾನೆ. ಊರಿಗೆ ಊರೇ ಅಳಿಯುವ ಸೂಚನೆಗಳು ತೋರುತ್ತಿವೆ, ನೆಲವು ಸಾರಗೆಡುವ ಮೊದಲೇ ಮೂಲಿಕೆಗಳನ್ನು ಕಿತ್ತಿಡಿರಿ ಎನ್ನುತ್ತಾನೆ. ಅಗ್ನಿವೇಶನಿಗೆ ಸಂದೇಹ: ಜನರ ಪ್ರಕೃತಿ, ಆಹಾರ, ಬಲ, ವಯಸ್ಸು ಬೇರೆ ಬೇರೆಯಾಗಿರಲು, ಒಂದೇ ರೋಗವು ಎಲ್ಲರನ್ನೂ ಒಮ್ಮೆಗೇ ಕೊಲ್ಲುವುದು ಹೇಗೆ? ಎಲ್ಲರಿಗೂ ಸಮಾನವಾದವು ನಾಲ್ಕುಂಟು ಎಂದು ಗುರುವಿನ ಉತ್ತರ: ಗಾಳಿ, ನೀರು, ನೆಲ, ಕಾಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವಿದು. ಇಂದು ಪರಿಸರಾರೋಗ್ಯವೆಂದು ಕರೆಯುವ ಪಾಠವನ್ನು ಆತನು ನಡೆಯುತ್ತ ಹೇಳಿದನೆಂಬುದು ನನಗೆ ಬಹು ಪ್ರಿಯವಾದ ಸಂಗತಿ.

ಇದನ್ನು ನೆನೆಯಲು ಕಾರಣವುಂಟು. ಹೊರನಾಡುಗಳಿಂದ ಬಂದು ಇಲ್ಲಿ ವೈದ್ಯವಿದ್ಯೆ ಕಲಿಯುತ್ತಿರುವ ಕೆಲವು ತರುಣರಿಗೆ ಸಂಜೆಯ ಹೊತ್ತು ಕನ್ನಡ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಎಲ್ಲಿ ನೋವು? ಎಷ್ಟು ದಿನದಿಂದ?’ ಇಷ್ಟು ಬಂದರೆ ಸಾಕೆಂದು ಅವರ ಎಣಿಕೆ. ಮೊದಲ ವರ್ಷ ನಾನೂ ಅಷ್ಟನ್ನೇ ಕಲಿಸಿ ಕೃತಾರ್ಥನಾದೆನು. ತಪ್ಪು ತಿಳಿದುದು ಮಂಗನ ಕಾಯಿಲೆಯ ಮಾತು ಬಂದ ದಿನ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು; ಸುತ್ತಣ ಹಳ್ಳಿಗರು ಜ್ವರ, ತಲೆನೋವು, ರಕ್ತಸ್ರಾವಗಳಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಕಂಡುಹಿಡಿದರು. ಅದನ್ನು ಹರಡುವ ಜೀವಿಯ ಲ್ಯಾಟಿನ್ ಹೆಸರನ್ನು ನನ್ನ ಶಿಷ್ಯನೊಬ್ಬನು ತಡವರಿಸದೆ ಹೇಳಿದನು. ಮಲೆನಾಡಿನ ಕೂಲಿಯ ಹೆಣ್ಣುಮಗಳೊಬ್ಬಳು ಜ್ವರವೆಂದು ಬಂದರೆ ಏನು ಕೇಳುವೆ ಎಂದೆನು. ‘ಕೀಟ ಕಚ್ಚಿತೆ?’ ಎಂದನು. ಆಕೆ ಇಲ್ಲವೆಂದೇ ಹೇಳುವಳು. ಉಣ್ಣೆ ಹತ್ತಿತ್ತೆ, ಉಣುಗು ಕಚ್ಚಿತ್ತೆ ಎಂದು ಕೇಳಿದರೆ ಅವಳಿಗೆ ಒಡನೆ ತಿಳಿದೀತು. (ನಿಘಂಟಿನಲ್ಲಿ ಉಣ್ಣೆ ಎಂದು ಹುಡುಕಿದರೆ ಕುರಿಯ ತುಪ್ಪಟವೂ ಸಿಕ್ಕುವುದು, ಆ ಹುಡುಗನಿಗೆ ಸಿಕ್ಕಿದುದು ಅದೇ!) ತರಗೆಲೆ ತರಲು ಕಾಡಿಗೆ ಹೋಗಿದ್ದಿರಾ, ಅಲ್ಲಿ ಮಂಗ ಸತ್ತಿತ್ತೆ ಎಂದೂ ಕೇಳಬೇಕು. ಮೊದಲ ದಿನಗಳ ಜ್ವರವು ಮೈಮುಟ್ಟಿ ನೋಡುವವನಿಗೆ ತನ್ನ ಹೆಸರನ್ನು ಹೇಳದು.

ಪಾವಗಡದ ಕಡೆಯ ಪ್ರಶ್ನೆ ಬೇರೆ. ಹಲ್ಲಿನ ಮೇಲಣ ಕಂದು ಕಲೆ, ಬಗ್ಗಲಾರದ ಬೆನ್ನು. ಅಲ್ಲಿ ಕೇಳಬೇಕಾದುದು ನೀರು ಯಾವ ಕೊಳವೆಬಾವಿಯದೆಂದು. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಕುಡಿಯಲಾಗದು. ನಾಲಗೆಗೆ ಅದರ ಸುಳಿವು ಸಿಕ್ಕದು. ಕಾಯಿಸಿದರೂ ಅದು ಹೋಗದು. ‘ನೀರನ್ನು ಕಾಯಿಸಿ ಕುಡಿಯಿರಿ’ ಎಂಬ ವಾಕ್ಯವನ್ನು ನಾನೇ ಅಚ್ಚುಕಟ್ಟಾಗಿ ಬಾಯಿಪಾಠ ಮಾಡಿಸಿದ್ದೆನು.

ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಹೋಗಿಬರುವ ಕ್ರಮವನ್ನು ತಂದಿತು. ಒಳ್ಳೆಯದೇ. ಆದರೆ ಹೋದವರು ರಕ್ತದೊತ್ತಡವನ್ನು ಬರೆದುಕೊಂಡು ಹಿಂದಿರುಗಿದರೆ ಕಾಂಪಿಲ್ಯದ ದಾರಿ ಸವೆದಂತಾಗಲಿಲ್ಲ.

ಈ ವರ್ಷ ನನ್ನ ಪಾಠ ಒಲೆ, ಹೊಗೆ, ಬಚ್ಚಲು, ಕೊಟ್ಟಿಗೆಗಳಿಂದ ಮೊದಲಾಯಿತು. ಮೊನ್ನೆ ಕೇರಳದ ಹುಡುಗಿಯೊಬ್ಬಳು, “ಸಾರ್, ಅಡಿಗೆಮನೆಗೆ ಕಿಟಕಿ ಇದೆಯೇ ಎಂದು ಕೇಳಿದರೆ ಅವರು ಬೇಸರಪಡುವರೇ?” ಎಂದಳು. ಮೊದಲು ಅವರು ಕೊಟ್ಟ ಕಾಫಿಯನ್ನು ಕುಡಿ, ಆಮೇಲೆ ಕೇಳು ಎಂದೆನು.