ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಮಗುವಿನ ಕಣ್ಣು ಹಳದಿಯಾದರೆ ‘ಕಾಮಣಿ ಆಗೇತಿ’ ಅನ್ನುತ್ತಾರೆ. ಪಥ್ಯ, ನಾಟಿ ಔಷಧ ಶುರುವಾಗುತ್ತವೆ. ಮುಖ ಬಿಳಿಚಿಕೊಂಡರೆ ‘ರಕ್ತ ಕಡಿಮಿ ಐತಿ’, ಕಬ್ಬಿಣದ ಟಾನಿಕ್. ಇವೆರಡೂ ಒಂದೇ ಮಗುವಿನಲ್ಲಿ ಕಂಡರೆ? ಯಕೃತ್ತು ಚೆನ್ನಾಗಿದ್ದು, 120 ದಿನ ಬಾಳಬೇಕಾದ ಕೆಂಪು ರಕ್ತಕಣಗಳೇ ಅವಧಿಗೆ ಮುನ್ನ ಒಡೆಯುತ್ತಿರಬಹುದು. ಒಡೆದ ಕಣದ ಹಿಮೋಗ್ಲೋಬಿನ್ನೇ ಹಳದಿ ಬಿಲಿರುಬಿನ್ ಆಗುತ್ತದೆ.

ಇದರ ಸುಳಿವು ಕೊಡುವ ಅಗ್ಗದ ಪರೀಕ್ಷೆ ಸ್ಲೈಡ್: ಗಾಜಿನ ಪಟ್ಟಿಯ ಮೇಲೆ ಹನಿ ರಕ್ತ ಎಳೆದು, ಬಣ್ಣ ಹಿಡಿಸಿ, ಕಣಗಳ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮಲೇರಿಯಾ ಹುಡುಕುತ್ತಿದ್ದ ರಷ್ಯಾದ ವೈದ್ಯ ರೊಮನೊವ್‌ಸ್ಕಿ 1891ರಲ್ಲಿ ಇಯೋಸಿನ್ ಮತ್ತು ಮೆಥಿಲೀನ್ ಬ್ಲೂ ಬೆರೆಸಿ ರಕ್ತಕ್ಕೆ ಬಣ್ಣ ಹಿಡಿಸಿದರು. ಭಾರತದಲ್ಲಿ ದುಡಿದಿದ್ದ ಬ್ರಿಟಿಷ್ ಸೇನಾ ವೈದ್ಯ ವಿಲಿಯಂ ಲೀಷ್‌ಮನ್ 1901ರಲ್ಲಿ ಅದನ್ನು ಸುಲಭಗೊಳಿಸಿದರು. ಅವರ ಹೆಸರಿನ ಬಣ್ಣ ಇವತ್ತಿಗೂ ನಮ್ಮ ಲ್ಯಾಬುಗಳಲ್ಲಿದೆ.

1904ರಲ್ಲಿ ಶಿಕಾಗೋದ ಆಸ್ಪತ್ರೆಗೆ ಗ್ರೆನಡಾ ದ್ವೀಪದ ದಂತವೈದ್ಯ ವಿದ್ಯಾರ್ಥಿ ವಾಲ್ಟರ್ ಕ್ಲೆಮೆಂಟ್ ನೋಯಲ್ ಬಂದ. ಅವನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳನ್ನು ಕಂಡವರು ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್. 1910ರಲ್ಲಿ ಲೋಕಕ್ಕೆ ತಿಳಿಸಿದವರು ಅವರ ಹಿರಿಯ ಜೇಮ್ಸ್ ಹೆರಿಕ್. ಐರನ್ಸ್ ಹೆಸರು ಅಷ್ಟಾಗಿ ಕೇಳಿಬರದಿರುವುದು ನನಗೆ ನೋವಿನ ಸಂಗತಿ. ಈ ಕುಡುಗೋಲು ಕಣ ರೋಗದ ದೋಷ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆಯೆಂದು ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ತಂಡ 1949ರಲ್ಲಿ ತೋರಿಸಿತು. 1952ರಲ್ಲಿ ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲೂ ಅದೇ ಗುಣ ಪತ್ತೆಯಾಯಿತು.

ಕುಡುಗೋಲಲ್ಲದೆ ಬೇರೆ ಆಕಾರಗಳೂ ಇವೆ. ಹೆತ್ತವರಿಂದ ಬರುವ ರಕ್ತರೋಗ ಥಲಸ್ಸೇಮಿಯಾದಲ್ಲಿ ನಡುವೆ ಚುಕ್ಕೆಯಿರುವ ಗುರಿಹಲಗೆ ಕಣಗಳು, ಜಿ6ಪಿಡಿ ಕಿಣ್ವದ ಕೊರತೆಯಲ್ಲಿ ಕಚ್ಚಿ ತೆಗೆದಂಥ ಕಣಗಳು. ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಈ ಕೊರತೆಯಿದ್ದವರ ರಕ್ತಕಣಗಳನ್ನು ಒಡೆಯಬಲ್ಲದು. ಪುಟ್ಟ ಉಂಡೆಗಳಂಥ ಕಣಗಳು ಕಂಡರೆ 1945ರಲ್ಲಿ ಬಂದ ಕೂಂಬ್ಸ್ ಪರೀಕ್ಷೆ ಬೇಕು. ದೇಹ ತನ್ನ ಕಣಗಳನ್ನೇ ಕೊಲ್ಲುತ್ತಿದೆಯೇ ಎಂದು ಅದು ಹೇಳುತ್ತದೆ. ರೆಟಿಕ್ಯುಲೋಸೈಟ್ (ಎಳೆಯ ಕೆಂಪುಕಣ) ಎಣಿಕೆ ಏರಿದ್ದರೆ, ಮೂಳೆಯ ಮಜ್ಜೆ ನಷ್ಟ ತುಂಬಲು ಹೆಣಗುತ್ತಿದೆ ಎಂದರ್ಥ.

ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ದೋಷ ಅಡಗಿರುವ ಸಂಭವ ಹೆಚ್ಚು. ಗಂಡ–ಹೆಂಡತಿ ಇಬ್ಬರೂ ಹೀಗೆ ಥಲಸ್ಸೇಮಿಯಾ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25. ವಾಹಕರು ನೋಡಲು ಆರೋಗ್ಯವಂತರೇ. ಅವರ ಸಣ್ಣ ಕಣಗಳನ್ನು ಕಬ್ಬಿಣದ ಕೊರತೆಯೆಂದು ತಿಳಿಯುವುದು ಸುಲಭ.

ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಪರೀಕ್ಷೆಗೆಂದು ವಿಜಯಪುರಕ್ಕೆ ಬಿಸಿಲಲ್ಲಿ ಹೋಗುವ ರಕ್ತದ ಟ್ಯೂಬಿನೊಳಗೆ, ತಡವಾದಷ್ಟೂ ಕಣಗಳು ಮುದುಡಿ ಮುಳ್ಳಾಗುತ್ತವೆ. ರೋಗವಿಲ್ಲದೆಯೂ ಆಕಾರ ಕೆಡುತ್ತದೆ. ಆದ್ದರಿಂದ ತಾಲ್ಲೂಕಿನಲ್ಲೇ ಹನಿಯನ್ನು ಗಾಜಿನ ಮೇಲೆ ಎಳೆದು, ಒಣಗಿಸಿ, ಮೆಥನಾಲಿನಲ್ಲಿ ಅದ್ದಿ ಆ ಸ್ಲೈಡನ್ನೇ ಕಳುಹಿಸಬೇಕು. ಅದೂ ರಕ್ತ ಏರಿಸುವ ಮುನ್ನ. ಏರಿಸಿದ ಮೇಲೆ ನೋಡಿದರೆ ದಾನಿಯ ಕಣಗಳೂ ಬೆರೆತಿರುತ್ತವೆ.