ರಜೆಯ ದಿನಗಳು ಮತ್ತು ರಂಗಶಿಬಿರ

ಬೇಸಿಗೆ ರಜೆ ಸಮೀಪಿಸಿತೆಂದರೆ, ಮುಂದಿನ ತರಗತಿಯ ಮನೆಪಾಠಕ್ಕೆ ಮಕ್ಕಳನ್ನು ಸೇರಿಸುವ ಧಾವಂತ ನಮ್ಮ ಕುಟುಂಬಗಳಲ್ಲಿ ಕಾಣುತ್ತದೆ. ಅದರಲ್ಲಿ ಹತ್ತು ದಿನಗಳನ್ನಾದರೂ ಹಾಡು, ಕುಣಿತ, ನಾಟಕಗಳಿಗೆ ಮೀಸಲಿಡಬಾರದೇ?

ರಂಗಕಲೆ ನಮ್ಮ ಸೀಮೆಗೆ ಹೊಸತಲ್ಲ. 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯ ತವರು ದಾವಣಗೆರೆ. ಮಕ್ಕಳ ರಂಗಭೂಮಿಗಾಗಿಯೇ ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿದರು. ಮೈಸೂರಿನ ರಂಗಾಯಣದ ಬೇಸಿಗೆ ಶಿಬಿರ ‘ಚಿಣ್ಣರ ಮೇಳ’ ನಾಡಿಗೇ ಪರಿಚಿತ.

ಇಂಥ ಶಿಬಿರದಲ್ಲಿ ಅಂಕಗಳಿಲ್ಲ. ರಾಜನ ಪಾತ್ರಧಾರಿಯೂ ದ್ವಾರಪಾಲಕನ ಮಾತು ಮುಗಿಯುವವರೆಗೆ ಕಾಯಲೇಬೇಕು. ತರಗತಿಯಲ್ಲಿ ತುಟಿ ಬಿಚ್ಚದ ಮಗು ಮುಖವಾಡದ ಮರೆಯಲ್ಲಿ ದನಿಯೆತ್ತುತ್ತದೆ. ಉಚ್ಚಾರ ಸ್ಪಷ್ಟವಾಗುತ್ತದೆ, ಪರರ ಮಾತಿಗೆ ಕಿವಿಗೊಡುವ ಗುಣ ಬೆಳೆಯುತ್ತದೆ. ಬಾಲ್ಯದಲ್ಲಿ ಹಗ್ಗದ ಮೇಲೆ ನಡೆದು, ಕೈಚಳಕ ತೋರಿ ಊರವರನ್ನು ಕೂಡಿಸುತ್ತಿದ್ದ ಸಂತ ಜಾನ್ ಬೋಸ್ಕೊ (1815–1888), ಮುಂದೆ ಸಂಗೀತ, ನಾಟಕಗಳನ್ನು ಬಡ ಬಾಲಕರ ಶಿಕ್ಷಣದ ಅಂಗವನ್ನಾಗಿಸಿದ್ದು ಇದೇ ಕಾರಣಕ್ಕೆ.

ಆದರೆ ಹದಡಿಯಂಥ ಹಳ್ಳಿಯ ಕೂಲಿಕಾರರ ಮಕ್ಕಳಿಗೆ ನಗರದ ಶಿಬಿರದ ಶುಲ್ಕ, ಬಸ್ಸಿನ ಖರ್ಚು ಹೊರೆಯಾಗುತ್ತದೆ. ಆದುದರಿಂದ ಶಿಬಿರವೇ ಹಳ್ಳಿಗೆ ಬರಲಿ. ಶಾಲೆಯ ಅಂಗಳ, ಅನುಭವಿ ಕಲಾವಿದರೊಬ್ಬರು, ಪರದೆಗೆ ಹಳೆಯ ಸೀರೆ, ಕಿರೀಟಕ್ಕೆ ರಟ್ಟು ಇದ್ದರೆ ಆರಂಭಿಸಬಹುದು. ಹದಡಿ, ದಾವಣಗೆರೆ, ಹರಿಹರದ ಪಾಲಕರು ಈ ಬಗ್ಗೆ ರಜೆಗೆ ಮುನ್ನವೇ ಕೂಡಿ ಯೋಚಿಸಬೇಕೆಂದು ಕೋರುತ್ತೇವೆ. ನಮ್ಮ ಮಗುವಿಗೆ ಮರದ ಪಾತ್ರವೇ ದೊರೆತರೂ ಬೇಸರಿಸದೆ, ಕೊನೆಯ ದಿನ ಹೋಗಿ ಕುಳಿತು ನೋಡೋಣ.