ಹೆದರಿದ ಹಸು ಹಾಲು ಯಾಕೆ ಇಳಿಸುವುದಿಲ್ಲ?

ನಮ್ಮದು ಸಾಗರ ತಾಲೂಕಿನ ಆನಂದಪುರದ ಕಡೆ ಮೂರು ಎಕರೆ ಖುಷ್ಕಿ. ಮಳೆ ನಂಬಿ ಮೆಕ್ಕೆಜೋಳ ಹಾಕುವವರು. ತೋಟ ಇಲ್ಲ. ಕೈಖರ್ಚಿಗೆ ಅಂತ ಇರೋದು ಎರಡು ಮಲೆನಾಡು ಗಿಡ್ಡ ಹಸು. ಅದರಲ್ಲಿ ಕೆಂಪಿ ಹೊತ್ತಿಗೆ ಒಂದು ಲೀಟರಿನಂತೆ ದಿನಕ್ಕೆ ಎರಡು ಲೀಟರು ಕೊಡ್ತಿತ್ತು. ಗಿಡ್ಡಕ್ಕೆ ಅದು ಒಳ್ಳೆಯ ಹಾಲೇ.

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ನನ್ನ ಹೆಂಡತಿ ತೀರ್ಥಹಳ್ಳಿಗೆ ಹೋಗಿ ಎರಡು ತಿಂಗಳು ಉಳಿಯಬೇಕಾಯ್ತು. ಹಾಲು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ಕೆಂಪಿ ಒದ್ದಿತು. ನಾನು ಬೈದು, ಹಿಂಗಾಲು ಕಟ್ಟಿ, ಕೋಲಿನಿಂದ ಎರಡು ಬಾರಿಸಿ ಕೂತೆ. ಕೆಚ್ಚಲು ತುಂಬಿ ಬಿಗಿದಿದೆ, ಮೊಲೆ ಹಿಂಡಿದರೆ ಕಾಲು ಲೀಟರೂ ಇಲ್ಲ. ‘ಹಾಲು ಕಟ್ಟಿಕೊಳ್ತದೆ, ಕಳ್ಳ ಹಸು’ ಅಂದುಕೊಂಡೆ.

ಪರಿಚಯದವರೊಬ್ಬರು ‘ಒಂದು ಸೂಜಿ ಹಾಕು, ತಾನಾಗೇ ಇಳಿಸ್ತದೆ’ ಅಂದರು. ಒಂದು ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಸಿಕ್ಕಿತು. ಚುಚ್ಚಿ ಸ್ವಲ್ಪ ಹೊತ್ತಿಗೆಲ್ಲ ಸೊರೆ ಬಿಟ್ಟಿತು. ನನಗೆ ಖುಷಿಯೋ ಖುಷಿ. ಹೊತ್ತಿಗೊಂದರಂತೆ ಒಂದೂವರೆ ತಿಂಗಳು ಚುಚ್ಚಿದೆ. ಒಂದು ದಿನ ಔಷಧ ಮುಗಿದಿತ್ತು. ಕರು ಬಿಟ್ಟರೂ ಕೆಂಪಿ ಹಾಲು ಇಳಿಸಲಿಲ್ಲ! ಕರು ಗುದ್ದಿ ಗುದ್ದಿ ಸುಸ್ತಾಯ್ತು. ಮಾರಿಬಿಡೋಣ ಅಂತ ದಲ್ಲಾಳಿಗೂ ಹೇಳಿದೆ. ಅಷ್ಟರಲ್ಲಿ ಬೇರೆ ಕೆಲಸಕ್ಕೆ ಊರಿಗೆ ಬಂದಿದ್ದ ಪಶುವೈದ್ಯರು ಕೊಟ್ಟಿಗೆಗೆ ಬಂದರು. ‘ಗೌಡ್ರೇ, ಹಸು ಕಳ್ಳ ಅಲ್ಲ. ಹಾಲು ಬಿಡೋದು ಅದರ ಕೈಯಲ್ಲೂ ಇಲ್ಲ’ ಅಂದರು. ಅವರು ತಿಳಿಸಿದ್ದನ್ನು, ಆಮೇಲೆ ನಾನು ಕೇಳಿ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಓದಿದ್ದು ಏಳನೇ ಕ್ಲಾಸು. ನನಗೆ ಅರ್ಥವಾದದ್ದು ನಿಮಗೂ ಆದೀತು.

ಮೊಲೆ ಜಗ್ಗಿದ ಮಾತ್ರಕ್ಕೆ ಹಾಲಿಲ್ಲ

ಕೆಚ್ಚಲಿನ ಹಾಲಿನಲ್ಲಿ ಹೆಚ್ಚು ಪಾಲು ಇರೋದು ಒಳಗಿನ ಸಣ್ಣ ಸಣ್ಣ ಚೀಲಗಳಲ್ಲಿ. ಅದು ತಾನಾಗಿ ಕೆಳಗೆ ಬರೋದಿಲ್ಲ. ಪ್ರತಿ ಚೀಲವನ್ನೂ ಬುಟ್ಟಿಯ ಹಾಗೆ ಹೆಣೆದುಕೊಂಡ ಜೀವಕೋಶಗಳಿವೆ. ಅವು ಬಿಗಿದು ಹಿಂಡಿದರೆ ಹಾಲು ಮೊಲೆಗೆ ಇಳಿಯುತ್ತದೆ. ಹಿಂಡು ಅಂತ ಅವಕ್ಕೆ ಹೇಳುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಮಿದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿಯಿಂದ ಅದು ಹೊರಡುತ್ತದೆ. ಕರು ಚೀಪಿದರೆ, ಕೆಚ್ಚಲು ತೊಳೆದರೆ, ದಿನಾ ಕರೆಯುವವರ ದನಿಯೋ ಪಾತ್ರೆಯ ಸದ್ದೋ ಕೇಳಿದರೆ ಸಾಕು. ರಕ್ತದಲ್ಲಿ ಸೇರಿ ಒಂದೆರಡು ನಿಮಿಷದಲ್ಲಿ ಕೆಚ್ಚಲು ಮುಟ್ಟುತ್ತದೆ. ಅದರ ಜೋರು ಇರೋದು ಐದಾರು ನಿಮಿಷ ಮಾತ್ರ.

ಅಂದರೆ ಸುದ್ದಿ ಮುಟ್ಟೋದು ರಕ್ತದ ದಾರಿಯಲ್ಲಿ. ದಾರಿ ಮುಚ್ಚಿದರೆ ಸುದ್ದಿ ಮುಟ್ಟೋದಿಲ್ಲ.

ರಕ್ತನಾಳದ ತೂಬು

ರಕ್ತನಾಳ ಅಂದರೆ ಸತ್ತ ಪೈಪು ಅಂತ ನಾನು ತಿಳಿದಿದ್ದೆ. ಹಾಗಲ್ಲ, ಅದರ ಗೋಡೆಯೇ ಜೀವಕೋಶಗಳದ್ದು. ಒಳಮೈಗೆ ಗೋಡೆಗೆ ಸಾರಿಸಿದ ಹಾಗೆ ಒಂದೇ ಪದರದ ತೆಳು ಕೋಶಗಳು. ಅದರ ಹೊರಗೆ ಬಳೆಯ ಹಾಗೆ ಸುತ್ತಿಕೊಂಡ ಸ್ನಾಯುಕೋಶಗಳು. ಈ ಬಳೆ ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿಸಿದರೆ ಅಗಲವಾಗುತ್ತದೆ. ಕೆರೆ ತೂಬಿನ ಕೆಲಸವೇ. ಒಳಪದರದ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟಿಸಿ ‘ಸಡಿಲಿಸು’ ಅಂತ ಬಳೆಗೆ ತಿಳಿಸುತ್ತವೆ. ಇದನ್ನು ಕಂಡುಹಿಡಿದ ಅಮೆರಿಕದ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಹಸು ಹೆದರಿದಾಗ ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ನುಗ್ಗುತ್ತದೆ. ನಾಳದ ಸ್ನಾಯುಕೋಶಗಳ ಮೈಮೇಲೆ ಇದಕ್ಕೆ ಎರಡು ನಮೂನೆಯ ಬೀಗಗಳಿವೆ. ಒಂದು ತಿರುಗಿದರೆ ಕೋಶ ಬಿಗಿಯುತ್ತದೆ, ಇನ್ನೊಂದು ತಿರುಗಿದರೆ ಸಡಿಲಾಗುತ್ತದೆ. ಕೀಲಿ ಒಂದೇ. ಚರ್ಮ, ಕೆಚ್ಚಲಿನ ನಾಳಗಳಲ್ಲಿ ಬಿಗಿಯುವ ಬೀಗದ್ದೇ ಮೇಲುಗೈ. ಕಾಲಿನ ಮಾಂಸಖಂಡದ ನಾಳಗಳಲ್ಲಿ ಸಡಿಲಿಸುವ ಬೀಗ ಹೆಚ್ಚು. ಹಾಗಾಗಿ ಕೆಚ್ಚಲಿನ ತೂಬು ಇಳಿದು ಕಾಲಿನ ತೂಬು ಏಳುತ್ತದೆ. ಕಾನಿನಲ್ಲಿ ಮೇಯುವ ಗಿಡ್ಡಕ್ಕೆ ಹುಲಿ ಎದುರಾದರೆ ಓಡಬೇಕೇ ಹೊರತು ಹಾಲು ಕೊಡುತ್ತಾ ನಿಲ್ಲೋಕಾಗ್ತದಾ?

ನನ್ನ ಕೋಲು ಕೆಂಪಿಗೆ ಹುಲಿಯಾಗಿತ್ತು. ಕೆಚ್ಚಲಿಗೆ ರಕ್ತ ಕಡಿಮೆಯಾಯ್ತು, ಅದರ ಜೊತೆ ಬರಬೇಕಾದ ಆಕ್ಸಿಟೋಸಿನ್ನೂ ಕಡಿಮೆಯಾಯ್ತು. ಹೊಸ ಜಾಗ, ಹೊಸ ಕೈ ಅಂತ ಹಸು ಗಾಬರಿಗೊಂಡರೆ ಮಿದುಳು ಆಕ್ಸಿಟೋಸಿನ್ ಬಿಡುವುದೇ ಕಡಿಮೆ. ಎರಡು ಕಡೆಯಿಂದಲೂ ಪೆಟ್ಟು.

ಕೆಚ್ಚಲಿಗೆ ರಕ್ತ ಎಷ್ಟು ಬೇಕು ಗೊತ್ತಾ? ಒಂದು ಲೀಟರು ಹಾಲಿಗೆ ಸುಮಾರು 400–500 ಲೀಟರು ರಕ್ತ ಕೆಚ್ಚಲಲ್ಲಿ ಹರಿದು ಹೋಗಬೇಕು. ಹರಿಯೋದು ಅದೇ ರಕ್ತ, ಸುತ್ತಿ ಸುತ್ತಿ. ಕೆಂಪಿಯ ಎರಡು ಲೀಟರಿಗೆ 200 ಲೀಟರಿನ ನಾಲ್ಕೈದು ಡ್ರಮ್ಮು ಆಯ್ತು.

ಬೆನ್ನ ಮೇಲೆ ಬೆಕ್ಕು

ಇದು ಬರೀ ಬಾಯಿಮಾತಲ್ಲ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿ, ಕಾಗದದ ಚೀಲ ಊದಿ ಪಟಾರನೆ ಒಡೆದು ಹೆದರಿಸಿದರು. ಹಾಲು ಇಳಿಯಲಿಲ್ಲ. ಹೆದರಿಸದೆ ಬರೀ ಅಡ್ರಿನಲಿನ್ ಚುಚ್ಚಿದಾಗಲೂ ಹಾಗೇ ಆಯ್ತು. ಅರ್ಧ ಕೆಚ್ಚಲಿನ ನರ ಕತ್ತರಿಸಿದ ಹಸುವಿನಲ್ಲಿ ಎರಡೂ ಕಡೆ ಹಾಲು ಇಳಿಯಿತು. ಸುದ್ದಿ ತರೋದು ನರ ಅಲ್ಲ, ರಕ್ತ ಅಂತ ಖಾತ್ರಿಯಾಯ್ತು.

ಸೂಜಿಯ ವಿಷಯ

ನಾನು ಚುಚ್ಚಿದ್ದು ಇದೇ ಆಕ್ಸಿಟೋಸಿನ್ನು. ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಂದಿತ್ತು. ಔಷಧ ಕೆಟ್ಟದ್ದಲ್ಲ. ಹೆರಿಗೆಯಾದ ಮೇಲೆ ತಾಯಿಗೆ ರಕ್ತ ನಿಲ್ಲದಿದ್ದರೆ ಇದನ್ನೇ ಕೊಡ್ತಾರೆ. ಗರ್ಭಕೋಶದ ಸ್ನಾಯು ಬಿಗಿದು ನಾಳಗಳನ್ನು ಅಮುಕಿ ರಕ್ತ ನಿಲ್ಲಿಸ್ತದೆ. ನನ್ನ ಮಗಳಿಗೂ ಕೊಟ್ಟಿದ್ದರಂತೆ. ಒಂದೇ ಔಷಧ, ಅಲ್ಲಿ ಜೀವ ಉಳಿಸಿತು, ಇಲ್ಲಿ ನನ್ನ ಕೈಯಲ್ಲಿ ಹಸು ಕೆಡಿಸಿತು.

ದಿನಾ ಹೊರಗಿನಿಂದ ಕೊಟ್ಟರೆ ಕೆಚ್ಚಲು ಸೂಜಿಗೇ ಒಗ್ಗಿಹೋಗ್ತದೆ. ತನ್ನದೇ ಆಕ್ಸಿಟೋಸಿನ್ನಿಗೆ ಸರಿಯಾಗಿ ಓಗೊಡುವುದಿಲ್ಲ. ಹಾಲು ಒಳಗೇ ಉಳಿದರೆ ಕೆಚ್ಚಲು ಬಾವು, ಬೇಗ ಬತ್ತುವುದು. ಹಸುವಿಗೆ ತೊಂದರೆಯಾಗುವಂತೆ ಹಾಲಿಗಾಗಿ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ನನಗದು ಗೊತ್ತಿರಲಿಲ್ಲ.

ನಾವು ಮಾಡಿದ್ದು

ಸೂಜಿ ನಿಲ್ಲಿಸಿದೆವು. ಹೆಂಡತಿ ಊರಿಂದ ಬಂದವಳೇ ‘ನೀವು ಹೆದರಿಸಿದ್ರೆ ಅದೆಂಥ ಹಾಲು ಕೊಡ್ತದೆ?’ ಅಂದಳು. ಅವಳು ಮಾಡಿದ ಕ್ರಮ ಇದು:

1. ಅದೇ ಹೊತ್ತು, ಅದೇ ಜಾಗ, ಅದೇ ಕೈ.

2. ಕೋಲು ಕೊಟ್ಟಿಗೆಯಿಂದ ಹೊರಗೆ. ನಾಯಿಯೂ ಹೊರಗೆ.

3. ಮೊದಲು ಕರು ಬಿಡುವುದು. ಆಮೇಲೆ ಉಗುರು ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು ಒರೆಸುವುದು.

4. ಒಂದು ನಿಮಿಷ ಕಾದು, ಮೊಲೆ ಬಿಗಿದು ಸೊರೆ ಬಂದದ್ದು ಕಂಡ ಮೇಲೆ ಕೂರುವುದು.

5. ಕೂತ ಮೇಲೆ ನಿಲ್ಲಿಸದೆ ಐದಾರು ನಿಮಿಷದಲ್ಲಿ ಮುಗಿಸುವುದು. ಮಧ್ಯೆ ಎದ್ದು ಹೋದರೆ ಹಾರ್ಮೋನಿನ ಜೋರು ಇಳಿದುಹೋಗ್ತದೆ.

ಮೊದಲ ನಾಲ್ಕು ದಿನ ಕರುವಿಗೇ ಸಾಲಲಿಲ್ಲ. ಮೂರು ವಾರಕ್ಕೆ ದಿನಕ್ಕೆ ಒಂದೂವರೆ ಲೀಟರಿಗೆ ಬಂತು. ಆ ಸೂಲಿನಲ್ಲಿ ಎರಡು ಲೀಟರು ಮತ್ತೆ ಆಗಲಿಲ್ಲ. ಆ ಅರ್ಧ ಲೀಟರು ನನ್ನ ಕೋಲಿನ ಲೆಕ್ಕಕ್ಕೆ. ದಲ್ಲಾಳಿಯನ್ನು ವಾಪಸು ಕಳಿಸಿದೆ.

ಕಳೆದ ವರ್ಷ ನನಗೂ ಬಿ.ಪಿ. ಅಂತ ಗೊತ್ತಾಯ್ತು. ಡಾಕ್ಟ್ರು ಬರೆದುಕೊಟ್ಟ ಮಾತ್ರೆ ಏನು ಮಾಡ್ತದೆ ಅಂತ ಕೇಳಿದೆ. ‘ರಕ್ತನಾಳದ ಸ್ನಾಯು ಸಡಿಲಿಸ್ತದೆ’ ಅಂದರು. ಸಿಟ್ಟು ಬಂದಾಗ ನನ್ನ ಮೈಯಲ್ಲೂ ಅದೇ ಅಡ್ರಿನಲಿನ್ನು, ಅದೇ ತೂಬು. ಮಾತ್ರೆ ತಪ್ಪಿಸುವುದಿಲ್ಲ. ಈಗ ಕೊಟ್ಟಿಗೆಗೆ ಹೋಗುವಾಗ ದನಿ ತಗ್ಗಿಸಿಯೇ ಹೋಗ್ತೇನೆ. ಕೆಂಪಿಗೂ ಒಳ್ಳೇದು, ನನಗೂ ಒಳ್ಳೇದು.